ಬಣ್ಣದ ಚಕ್ರವೂ ಅಡುಗೆಮನೆಯ ನೀಲಿಯೂ

ನಮ್ಮ ಮನೆಗೆ ಮೊದಲ ಸಲ ಬಂದವರು ನೀರು ಕುಡಿದು, ಈ ಸಲ ಕಾಫಿ ಹೂವು ಹೇಗೆ ಎಂದು ವಿಚಾರಿಸಿ ಮುಗಿಸಿದ ಮೇಲೆ ಅವರ ಕಣ್ಣು ಟಿವಿ ಪಕ್ಕದಲ್ಲಿರುವ ಒಂದು ವಸ್ತುವಿನ ಮೇಲೆ ಬೀಳುತ್ತದೆ. ಮರದ ಹಲಗೆ, ಅದರ ಮೇಲೆ ಹಿತ್ತಾಳೆಯ ಕಂಬ, ಒಂದು ದೊಡ್ಡ ಗಾಲಿ, ಒಂದು ಸಣ್ಣ ಗಾಲಿ, ಎರಡಕ್ಕೂ ಸುತ್ತಿದ ಹುರಿ, ತಿರುಗಿಸಲು ಒಂದು ಹಿಡಿ. "ಹಳೇ ಕಾಲದ ಕಾಫಿ ಪುಡಿ ಮಿಷನ್ನಾ ಸರ್?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ನಮ್ಮ ಚೆಟ್ಟಳ್ಳಿ ಕಡೆಯವರಿಗೆ ತಿರುಗಿಸುವ ಹಿಡಿ ಇರುವ ಯಾವುದನ್ನು ಕಂಡರೂ ಅದರೊಳಗೆ ಒಂದು ಹಿಡಿ ಬೀಜ ಸುರಿಯೋಣ ಅನ್ನಿಸುತ್ತದೆ.

"ಅಲ್ಲ, ಇದು ಮನಶ್ಶಾಸ್ತ್ರದ ಪ್ರಯೋಗಾಲಯದ ಉಪಕರಣ" ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ಮನಶ್ಶಾಸ್ತ್ರ ಎಂದ ಕೂಡಲೇ ಬಂದವರು ಸ್ವಲ್ಪ ಹಿಂದೆ ಸರಿದು ಕೂರುತ್ತಾರೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಸರೋಜಳ ದನಿ ಬರುತ್ತದೆ: "ಅದನ್ನ ಮಾತ್ರ ಕೇಳ್ಬೇಡಿ ಮಾರಾಯ್ರೆ, ಊಟದ ಹೊತ್ತಾಗತ್ತೆ!"

ನೀವಾದರೂ ಕೇಳಿ. ನಿಮಗೆ ಎದ್ದು ಹೋಗುವ ಅವಕಾಶ ಇದ್ದೇ ಇದೆ.

ಇದು ಬಣ್ಣ ಬೆರೆಸುವ ಚಕ್ರ. ಇದಕ್ಕೆ ದುಂಡನೆಯ ಕಾಗದದ ಬಿಲ್ಲೆಗಳಿವೆ, ಒಂದೊಂದು ಒಂದೊಂದು ಬಣ್ಣ. ಪ್ರತಿ ಬಿಲ್ಲೆಗೂ ಅಂಚಿನಿಂದ ನಡುವಿನವರೆಗೆ ಒಂದು ಸೀಳು. ಎರಡು ಬಿಲ್ಲೆಗಳನ್ನು ಆ ಸೀಳಿನಲ್ಲಿ ಒಂದಕ್ಕೊಂದು ತೂರಿಸಿದರೆ ಯಾವ ಬಣ್ಣ ಎಷ್ಟು ಕಾಣಬೇಕೋ ಅಷ್ಟು ಕಾಣುವಂತೆ ಸರಿಸಿಕೊಳ್ಳಬಹುದು. ಸಣ್ಣ ಗಾಲಿಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಎರಡು ಬಣ್ಣ ಮಾಯವಾಗಿ ಮೂರನೆಯದೊಂದು ಕಾಣುತ್ತದೆ. ಮಜಾ ಏನೆಂದರೆ ಆ ಮೂರನೆಯ ಬಣ್ಣ ಕಾಗದದ ಮೇಲೆ ಎಲ್ಲೂ ಇಲ್ಲ. ಬೆರಕೆ ಆಗುವುದು ನೋಡುವವರ ಕಣ್ಣಿನೊಳಗೆ. ಮನುಷ್ಯನ ಮನಸ್ಸನ್ನು ಅಳೆಯಲು ಹೊರಟ ಹಳೆಯ ಕಾಲದ ಪಂಡಿತರು ಇಂಥ ಚಕ್ರಗಳನ್ನು ತಿರುಗಿಸುತ್ತಲೇ ಆಯುಷ್ಯ ಕಳೆದರಂತೆ. ಅವರ ಹೆಂಡತಿಯರು ಏನನ್ನುತ್ತಿದ್ದರೋ ಪಠ್ಯಪುಸ್ತಕದಲ್ಲಿ ಬರೆದಿಲ್ಲ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದೆ. ನಿವೃತ್ತನಾಗುವ ಹೊತ್ತಿಗೆ ಬಣ್ಣ ಬೆರೆಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತಿತ್ತು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಈ ಚಕ್ರವನ್ನೂ ಕೈಗಿತ್ತರು. ಗುಜರಿಗೆ ಹಾಕಬೇಕೆಂದಿದ್ದ ಎರಡನ್ನೂ ಒಟ್ಟಿಗೆ ಕಳಿಸಿಬಿಟ್ಟರು ಎಂದು ಸರೋಜ ಎಲ್ಲರಿಗೂ ಹೇಳುತ್ತಾಳೆ. ಹಣ್ಣು ಖಾಲಿಯಾಯಿತು, ಶಾಲು ನಾಯಿಗೆ ಹಾಸಿಗೆಯಾಯಿತು. ಚಕ್ರವೂ ನಾನೂ ಉಳಿದೆವು.

ನಿಜ ಹೇಳಬೇಕೆಂದರೆ ನನಗೆ ಈ ತಿರುಗಿಸುವ ಹುಚ್ಚು ಮೇಷ್ಟ್ರಾಗುವ ಮೊದಲೇ ಇತ್ತು. ಚಿಕ್ಕವನಿದ್ದಾಗ ಅಜ್ಜಿಯ ಕುಂಕುಮದ ಭರಣಿಗೆ ಕೈಹಾಕಿ ಬುಗುರಿಯ ಒಂದು ಮಗ್ಗುಲಿಗೆ ಕುಂಕುಮ, ಇನ್ನೊಂದು ಮಗ್ಗುಲಿಗೆ ಅರಿಶಿನ ಮೆತ್ತಿ ಆಡಿಸಿದ್ದೆ. ತಿರುಗುವ ಬುಗುರಿ ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಇಡೀ ಕೇರಿಗೆ ಕೂಗಿ ಹೇಳಿದೆ. ಕೇರಿಗಿಂತ ಮೊದಲು ಅಜ್ಜಿ ಬಂದಳು. ಆಮೇಲೆ ನನ್ನ ಕೆನ್ನೆಗೂ ಒಂದು ಬಣ್ಣ ಬಂತು, ಅದು ಯಾವ ಬೆರಕೆಯೂ ಇಲ್ಲದ ಅಪ್ಪಟ ಕೆಂಪು.

ತರಗತಿಯಲ್ಲಿ ಎಲ್ಲ ಬಣ್ಣಗಳ ಬಿಲ್ಲೆ ಸೇರಿಸಿ ತಿರುಗಿಸಿ, "ನೋಡಿ, ಬಿಳಿ!" ಎಂದು ಪ್ರತಿ ವರ್ಷ ಘೋಷಿಸುತ್ತಿದ್ದೆ. ಅದು ಬಿಳಿಯಾಗಿರುತ್ತಿರಲಿಲ್ಲ. ತಿಂಗಳುಗಟ್ಟಲೆ ಒಗೆಯದ ಬನಿಯನ್ನಿನ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಮಕ್ಕಳು ಒಮ್ಮೆ ಚಕ್ರದ ಕಡೆ, ಒಮ್ಮೆ ನನ್ನ ಮುಖದ ಕಡೆ ನೋಡಿ, ಪಾಪ ಎಂದುಕೊಂಡು, "ಬಿಳಿ" ಎಂದೇ ಬರೆದುಕೊಳ್ಳುತ್ತಿದ್ದರು. ಕೊಡಗಿನ ಮಕ್ಕಳು ಬಹಳ ಮರ್ಯಾದಸ್ಥರು.

ಪ್ರಯೋಗದಲ್ಲಿ ನಾನು ಒಂದೇ ಒಂದು ನಿಯಮಕ್ಕೆ ಪ್ರಾಣ ಬಿಡುತ್ತಿದ್ದೆ. ನೋಡುವವರು ತಮಗೆ ಏನು ಕಾಣುತ್ತದೋ ಅದನ್ನು ಹೇಳಬೇಕು, ಪ್ರಯೋಗ ಮಾಡಿಸುವವನು ಬಾಯಿ ಬಿಡಕೂಡದು. "ಹೌದಾ? ಸರಿಯಾಗಿ ನೋಡು" ಎನ್ನುವಂತಿಲ್ಲ, ಹುಬ್ಬು ಹಾರಿಸುವಂತೆಯೂ ಇಲ್ಲ. ಈ ನಿಯಮವೇ ಮುಂದೆ ನನ್ನ ಅಡುಗೆಮನೆಯನ್ನು ಹಾಳುಮಾಡಿತು.

ಸರೋಜಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೈಸೂರಿನ ಡಾಕ್ಟರು ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಎಂದರು. ಈಗ ಅದೇನು ದೊಡ್ಡ ಸಂಗತಿಯಲ್ಲ, ಬೆಳಿಗ್ಗೆ ಹೋದವರು ಸಂಜೆ ಮನೆಗೆ ಬರುತ್ತಾರೆ. ಆದರೂ ಅವಳಿಗೆ ಹೆದರಿಕೆ. ಅವಳ ದೊಡ್ಡಮ್ಮ ಒಬ್ಬರಿಗೆ ಯಾವುದೋ ಕಾಲದಲ್ಲಿ ಆಪರೇಶನ್ ಕೆಟ್ಟು ಕಣ್ಣೇ ಹೋಗಿತ್ತಂತೆ. ಒಂದು ಸಂಜೆ ಹುರುಳಿ ಆರಿಸುತ್ತಾ ಕೂತವಳು ಮೊರವನ್ನು ಕೆಳಗಿಟ್ಟು ಹೇಳಿದಳು:

"ರೀ, ನಾಳೆ ಏನಾಗತ್ತೋ ಯಾರಿಗ್ಗೊತ್ತು. ಕಣ್ಣು ಹೋಗೋದ್ರೊಳಗೆ ಅವ್ವನ ಅಡುಗೆಮನೆ ಗೋಡೆ ಒಂದ್ಸಲ ನೋಡ್ಬೇಕು ನಂಗೆ."

ಅವ್ವನ ಅಡುಗೆಮನೆ ಈಗ ಇಲ್ಲ. ಸೋಮವಾರಪೇಟೆ ಕಡೆಯ ಅವಳ ತವರಿನಲ್ಲಿ ಅವ್ವ ತೀರಿಕೊಂಡ ಮೇಲೆ ತಮ್ಮ ಚಂದ್ರು ಹಳೆಯ ಮನೆ ಕೆಡವಿ ಹೋಂಸ್ಟೇ ಕಟ್ಟಿದ. ಅಡುಗೆಮನೆ ಇದ್ದ ಜಾಗದಲ್ಲಿ ಈಗ ಬೆಂಗಳೂರಿನವರು ಕೋಳಿ ಸುಡುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ಸುಣ್ಣಕ್ಕೆ ಬಟ್ಟೆ ನೀಲಿ ಬೆರೆಸಿ ಅವ್ವ ತಾನೇ ಬಳಿಯುತ್ತಿದ್ದ ಆ ಗೋಡೆಯ ಬಣ್ಣದ ಫೋಟೋ ಒಂದೂ ಇಲ್ಲ, ಇದ್ದವೆಲ್ಲ ಕಪ್ಪು ಬಿಳುಪು.

"ಅದಕ್ಕೇನಂತೆ, ನಮ್ಮ ಅಡುಗೆಮನೆಗೇ ಅದೇ ಬಣ್ಣ ಹೊಡೆಸೋಣ" ಎಂದೆ. ಗಂಡನಾಗಿ ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಬಣ್ಣದ ಕಂಪನಿಯ ಕಾರ್ಡು ತಂದು ತೋರಿಸಿದರೆ ಅವಳು ಅದನ್ನು ಕಣ್ಣಿನ ಹತ್ತಿರ, ದೂರ, ಓರೆಯಾಗಿ ಹಿಡಿದು ನೋಡಿ, "ಇದ್ರಲ್ಲಿ ಒಂದೂ ಅಲ್ಲ" ಎಂದು ವಾಪಸು ಕೊಟ್ಟಳು. ಒಂದು ನೀಲಿಗೆ 'ಸಾಗರದ ಕನಸು' ಎಂದೇನೋ ಇಂಗ್ಲಿಷಿನಲ್ಲಿ ಹೆಸರಿತ್ತು. "ನಮ್ಮವ್ವ ಸಮುದ್ರಾನೇ ನೋಡಿರ್ಲಿಲ್ಲ" ಎಂದಳು.

ಆಗ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ನೆನಪಿನಲ್ಲಿರುವ ಬಣ್ಣವನ್ನು ಹೊರಗೆ ತೆಗೆಯಲು ಚಕ್ರಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ? ನೀಲಿ ಬಿಲ್ಲೆ, ಬಿಳಿ ಬಿಲ್ಲೆ ಜೋಡಿಸಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, "ಹೆಚ್ಚು, ಕಡಿಮೆ, ಸರಿ, ಇಷ್ಟೇ ಹೇಳಬೇಕು" ಎಂದು ತಾಕೀತು ಮಾಡಿದೆ.

"ಒಲೆ ಮೇಲೆ ಹಾಲಿಟ್ಟಿದೀನಿ" ಎಂದಳು.

"ಪ್ರಯೋಗದ ನಡುವೆ ಬೇರೆ ಮಾತಾಡಬಾರದು."

"ಹಾಲು ಉಕ್ಕಿದ್ರೆ ನಿಮ್ಮ ಪ್ರಯೋಗಾನೇ ಒರೆಸ್ಬೇಕು, ನಾನಲ್ಲ!"

ಹಾಲು ಇಳಿಸಿ ಬಂದೆ. ತಿರುಗಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ನೀಲಿ ಸಾಲ್ದು" ಎಂದಳು. ನಿಲ್ಲಿಸಿ, ನೀಲಿ ಸ್ವಲ್ಪ ಹೆಚ್ಚಿಸಿ ಮತ್ತೆ ತಿರುಗಿಸಿದೆ. "ಇನ್ನೂ." ಮತ್ತೆ ಹೆಚ್ಚಿಸಿದೆ. "ಇನ್ನೂ ಸ್ವಲ್ಪ." ನನ್ನ ಕಣ್ಣಿಗೆ ಅದು ಆಗಲೇ ಇಂಕು ಚೆಲ್ಲಿದ ಹಾಗೆ ಕಾಣುತ್ತಿತ್ತು. ಇದೇನಪ್ಪಾ ಎಂದು ಒಳಗೊಳಗೇ ಅನ್ನಿಸಿತು. ಆದರೆ ನಿಯಮ! ಹುಬ್ಬು ಕೂಡ ಹಾರಿಸದೆ, ಕಲ್ಲಿನ ಮುಖ ಮಾಡಿಕೊಂಡು ತಿರುಗಿಸಿದೆ. ಕೊನೆಗೆ ಅವಳು ಕುರ್ಚಿಯಿಂದ ಮುಂದಕ್ಕೆ ಬಾಗಿ, "ಇದೇ ರೀ! ಇದೇ! ಅಯ್ಯೋ, ಒಲೆ ಹತ್ರ ಕೂತ ಹಾಗಾಯ್ತು" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಎಷ್ಟು ಉಬ್ಬಿದೆನೆಂದರೆ ಆ ಗಳಿಗೆಯಲ್ಲಿ ಯಾರಾದರೂ ಇನ್ನೊಂದು ಶಾಲು ಹೊದಿಸಿದ್ದರೂ ಬೇಡ ಎನ್ನುತ್ತಿರಲಿಲ್ಲ.

ಮರುದಿನ ನೀಲಿಗೆ ಎಷ್ಟು ಪಾಲು, ಬಿಳಿಗೆ ಎಷ್ಟು ಪಾಲು ಎಂದು ಲೆಕ್ಕ ಹಾಕಿಕೊಂಡು ಕುಶಾಲನಗರದ ಬಣ್ಣದ ಅಂಗಡಿಗೆ ಹೋದೆ. ಅಂಗಡಿಯಾಕೆ ಹಾಸನದ ಕಡೆಯವರು, ಖಡಕ್ ಹೆಂಗಸು. "ಕೋಡ್ ನಂಬರ್ ಹೇಳಿ ಸಾ, ಮಿಷನ್ನಿಗೆ ಹಾಕ್ತೀನಿ" ಎಂದರು. ಕೋಡ್ ಇಲ್ಲ, ಪಾಲು ಇದೆ ಎಂದೆ. ಅವರು ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿ, ನಾನು ಹೇಳಿದ ಪಾಲಿನಲ್ಲೇ ಒಂದು ಮುಚ್ಚಳದಲ್ಲಿ ಬಣ್ಣ ಕಲಸಿದರು. ಕಡ್ಡಿಯಲ್ಲಿ ಕಲಕಿದರೆ ನೀಲಿ ಬಿಳಿಯನ್ನು ನುಂಗಿ, ಅದು ಗಾಡಿಯ ಟಯರಿನ ಬಣ್ಣಕ್ಕೆ ಹತ್ತಿರ ಬಂತು.

ಕಣ್ಣಿನಲ್ಲಿ ಬೆರೆಯುವ ಬಣ್ಣವೇ ಬೇರೆ, ಡಬ್ಬಿಯಲ್ಲಿ ಬೆರೆಯುವ ಬಣ್ಣವೇ ಬೇರೆ ಎಂಬುದು ನಾನು ಮೊದಲ ವರ್ಷದ ಮಕ್ಕಳಿಗೆ ಹೇಳುತ್ತಿದ್ದ ಪಾಠ. ಪಾಠ ಹೇಳುವವನು ಅದನ್ನು ಕೇಳಿಸಿಕೊಳ್ಳಲೇಬೇಕು ಎಂದು ಎಲ್ಲಿದೆ?

ಮನೆಗೆ ಹೋಗಿ ಚಕ್ರವನ್ನೇ ಹೊತ್ತು ತಂದು ಅಂಗಡಿಯ ಕೌಂಟರಿನ ಮೇಲಿಟ್ಟೆ. ನಾನು ತಿರುಗಿಸುವುದು, ಆಕೆ ದೊಡ್ಡ ಪುಸ್ತಕದಿಂದ ಒಂದೊಂದೇ ಬಣ್ಣದ ಚೀಟಿ ಪಕ್ಕದಲ್ಲಿ ಹಿಡಿದು ತಾಳೆ ನೋಡುವುದು. ರಸ್ತೆಯಲ್ಲಿ ಶುಂಠಿ ತುಂಬುತ್ತಿದ್ದ ಲಾರಿಯವರು ಇಳಿದು ಬಂದರು. "ಏನ್ ಸಾ, ಲಾಟ್ರಿನಾ?" ಎಂದ ಒಬ್ಬ. "ಕೆಂಪು ಮೇಲೆ ಕಟ್ಟಬೋದಾ?" ಎಂದ ಇನ್ನೊಬ್ಬ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನಲ್ಲಿ ಹೋಗುತ್ತಿದ್ದವನು ನಿಲ್ಲಿಸಿ, ನನ್ನನ್ನು ಗುರುತು ಹಿಡಿದು, ಹೆಲ್ಮೆಟ್ಟನ್ನು ಇನ್ನೂ ಕೆಳಕ್ಕೆ ಎಳೆದುಕೊಂಡು ಹೋದ. ಮಾನ ಹೋದರೂ ಬಣ್ಣ ಸಿಕ್ಕಿತು. "ಅಡಿಗೆಮನೆಗಾ ಇದು? ಯಜಮಾನ್ರೇ, ಇನ್ನೊಂದ್ಸಲ ಮನೇಲಿ ಕೇಳ್ಕಂಡ್ ಬನ್ನಿ" ಎಂದು ಅಂಗಡಿಯಾಕೆ ಹೇಳಿದರು. "ಕೇಳಿಯೇ ಬಂದದ್ದು, ವೈಜ್ಞಾನಿಕವಾಗಿ" ಎಂದೆ.

ಬಣ್ಣ ಹೊಡೆಸಿದ್ದಾಯಿತು. ಆಪರೇಶನ್ನಿಗೆ ಮೊದಲಿನ ಆ ದಿನಗಳಲ್ಲಿ ಸರೋಜ ಅಡುಗೆಮನೆ ಬಿಟ್ಟು ಕದಲಲಿಲ್ಲ. ಸುಮ್ಮನೆ ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಎದುರು ಗೋಡೆ ನೋಡುತ್ತಾ ಹಳೆಯದೇನೋ ನೆನೆದು ನಗುವುದು. ಅವಳ ಹೆದರಿಕೆ ಹೋಯಿತು. ನನಗೆ ಒಳಗೆ ಕಾಲಿಟ್ಟಾಗಲೆಲ್ಲ ಕಣ್ಣು ಕುಕ್ಕುತ್ತಿತ್ತು, ಆದರೆ ಅವಳ ಮುಖ ನೋಡಿ ಸುಮ್ಮನಿದ್ದೆ.

ಬಲಗಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಆ ರಾತ್ರಿ ಮೈಸೂರಿನಲ್ಲೇ ಉಳಿದುಕೊಂಡೆವು. ಮರುದಿನ ಪಟ್ಟಿ ಬಿಚ್ಚಿದಾಗ ಅವಳು ನನ್ನನ್ನು ನೋಡಿ ಆಡಿದ ಮೊದಲ ಮಾತು, "ರೀ, ನೀವು ಯಾವಾಗ ಇಷ್ಟು ಮುದುಕರಾದ್ರಿ?" ದಾರಿಯುದ್ದಕ್ಕೂ ಕಿಟಕಿಗೆ ಅಂಟಿಕೊಂಡು ಕೂತು, ಆಕಾಶ ನೋಡಿ, ಆ ಎಲೆ ನೋಡಿ ಎಂದು ಸಂಭ್ರಮಪಟ್ಟಳು. ಮನೆಗೆ ಬಂದವಳೇ ಅಡುಗೆಮನೆಗೆ ಓಡಿದಳು.

"ಅಯ್ಯಯ್ಯೋ! ಇದ್ಯಾರ ಮನೆ?"

ಹಿಂದೆಯೇ ಓಡಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಅಂಗೈಯಿಂದ ಬಲಗಣ್ಣು ಮುಚ್ಚಿ ನೋಡಿದಳು. ಆಮೇಲೆ ಎಡಗಣ್ಣು ಮುಚ್ಚಿ ನೋಡಿದಳು. "ಈ ಕಣ್ಣಲ್ಲಿ ಅವ್ವನ ಅಡುಗೆಮನೆ. ಈ ಕಣ್ಣಲ್ಲಿ ಪೆಟ್ರೋಲ್ ಬಂಕು."

ಆಗ ನನ್ನ ತಲೆಗೆ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಯಾರೋ ತಲೆಗೆ ಮೊಟಕಿದ ಹಾಗಾಯಿತು. ಪೊರೆ ಬಂದ ಕಣ್ಣು ಹಳದಿ ಗಾಜಿನ ಹಾಗೆ, ನೀಲಿಯನ್ನು ಒಳಗೆ ಬಿಡದೆ ತಡೆಯುತ್ತದೆ. ನೆನಪಿನ ತೆಳು ನೀಲಿ ಕಾಣಬೇಕಾದರೆ ಅಂಥ ಕಣ್ಣಿಗೆ ಡಬ್ಬಿಗಟ್ಟಲೆ ನೀಲಿ ಬೇಕು. ಇದು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ಹೇಳಿದ ಪಾಠ, ಪರೀಕ್ಷೆಗೆ ಕೇಳಿದ ಪ್ರಶ್ನೆ. ಪೊರೆ ಬಂದ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಪೊರೆಯ ಆಪರೇಶನ್ನಿಗೆ ದಿನ ಗೊತ್ತುಮಾಡಿಕೊಂಡು, ಬಣ್ಣ ಆರಿಸಿದ ಬೆಪ್ಪು ನನ್ನ ಹೊರತು ಇನ್ನೊಬ್ಬನಿರಲಾರ.

ಕ್ಷಮಿಸು, ಈಗಲೇ ಬೇರೆ ಬಣ್ಣ ಹೊಡೆಸುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

"ಬೇಡ. ಗೋಡೆ ಮುಟ್ಬೇಡಿ. ಎಡಗಣ್ಣಿಗೆ ಆಪರೇಶನ್ನೂ ಬೇಡ. ಒಂದು ಕಣ್ಣು ಸಾಕು ನಂಗೆ, ಪ್ರಪಂಚ ನೋಡೋಕೆ. ಇದು ಅವ್ವನಿಗಿರ್ಲಿ."

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಡಾಕ್ಟರ ಕಡೆಯಿಂದ ಫೋನು ಬಂದರೆ "ನೆಗಡಿ" ಎಂದಳು, "ನೆಂಟರು" ಎಂದಳು. ಒಂದು ಕಣ್ಣು ನಿಚ್ಚಳ, ಒಂದು ಕಣ್ಣು ಮಬ್ಬು. ಎರಡೂ ಒಟ್ಟಿಗೆ ಹೊಂದದೆ ಕಾಫಿಯನ್ನು ಲೋಟದ ಹೊರಗೆ ಸುರಿದಳು. ಒಂದು ದಿನ ಕಾಫಿ ಒಣಗಿಸುವ ಕಣದ ಮೆಟ್ಟಿಲು ತಪ್ಪಿ ಬಿದ್ದು ಮೊಣಕಾಲು ಊದಿಸಿಕೊಂಡಳು. ತಡಮಾಡಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆ ಎಂದು ಡಾಕ್ಟರು ನನಗೇ ಫೋನು ಮಾಡಿ ಗದರಿದರು. ನಾನು ಗದರಿದರೆ, ಬೇಡಿಕೊಂಡರೆ, ಚಿತ್ರ ಬರೆದು ವಿವರಿಸಿದರೆ ಅವಳದು ಒಂದೇ ಮಾತು: "ನಿಮ್ಮ ಪಾಠ ಕೇಳಿಯೇ ಇಷ್ಟಾಗಿದ್ದು."

ನನಗೆ ನಿಜವಾಗಿ ಭಯವಾಯಿತು. ಒಂದು ಪ್ರಯೋಗ ಮಾಡಲು ಹೋಗಿ ಹೆಂಡತಿಯ ಒಂದು ಕಣ್ಣು ಕಳೆದೆನಲ್ಲಾ ಎಂದು ಊಟ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಅಕ್ಕನ ಕಣ್ಣು ನೋಡಿಕೊಂಡು ಹೋಗಲು ಚಂದ್ರು ಜೀಪಿನಲ್ಲಿ ಬಂದ. ಕಿತ್ತಳೆಯ ಚೀಲವನ್ನು ಅಡುಗೆಮನೆಯಲ್ಲಿಡಲು ಹೋದವನು ಅಲ್ಲಿಂದಲೇ ಕೂಗಿದ.

"ಭಾವ! ಇದೇನು ಅವ್ವನ ಗೋಡೆ ನಿಮ್ಮನೆಗೆ ಬಂದಿದೆ?"

ಸರೋಜ ಕುಂಟುತ್ತಾ ಓಡಿದಳು. "ಯಾವ ಗೋಡೆನೋ? ನಿನ್ನ ಕಣ್ಣಿಗೂ ಪೊರೆನಾ? ಅವ್ವಂದು ಎಷ್ಟು ತೆಳ್ಳಗೆ ಇರ್ತಿತ್ತು!"

"ಅದು ನೀನು ಲಂಗ ಉಡೋ ಕಾಲದಲ್ಲಿ. ನಾನು ಹೇಳ್ತಿರೋದು ಕೊನೆಕೊನೆಗೆ. ವರ್ಷಾ ವರ್ಷಾ ನೀಲಿ ಜಾಸ್ತಿ ಮಾಡ್ತಾ ಹೋದ್ಲಲ್ಲ, ನೆನಪಿಲ್ವಾ? ಹುತ್ತರಿ ಹಬ್ಬಕ್ಕೆ ಬಂದಾಗ ನೀನೇ ಬೈದಿದ್ದಿ, 'ಅವ್ವಾ, ನೀಲಿ ಡಬ್ಬಾನೇ ಕವುಚಿದ್ಯಾ, ಕಣ್ಣು ಉರಿಯತ್ತೆ' ಅಂತ. ಅವ್ವ ಒಪ್ಪಿದ್ರೆ ತಾನೇ? 'ಎಲ್ಲಿ ಮಗಾ ನೀಲಿ, ಎಷ್ಟು ಹಾಕಿದ್ರೂ ಹಿಡೀತಿಲ್ಲ ಈ ಸುಣ್ಣಕ್ಕೆ' ಅಂತ ಸುಣ್ಣದ ಅಂಗಡಿಯವನಿಗೇ ಬೈದ್ಕೊಂಡು ಓಡಾಡಿದ್ಲು. ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿರ್ಲಿಲ್ವಾ?"

ಚಂದ್ರು ಈಗಲೂ ನಗುತ್ತಿದ್ದ. ಸರೋಜಳೂ ನಗಲು ಶುರುಮಾಡಿದಳು. "ಹೌದಲ್ವೇನೋ, ಆ ಅಂಗಡಿಯವನು ಅವ್ವನ್ನ ಕಂಡ್ರೆ ಒಳಗೆ ಹೋಗ್ತಿದ್ದ!" ಎಂದಳು. ಎಂದವಳ ನಗು ಅರ್ಧಕ್ಕೇ ನಿಂತಿತು. ಗೋಡೆಯ ಕಡೆ ನೋಡಿದಳು. ಅಂಗೈ ತಾನಾಗಿ ಮೇಲೆ ಹೋಗಿ ಬಲಗಣ್ಣು ಮುಚ್ಚಿತು, ಆಮೇಲೆ ಎಡಗಣ್ಣು ಮುಚ್ಚಿತು.

"ಅವ್ವನಿಗೆ ಕಾಣ್ತಿರ್ಲಿಲ್ಲ ಕಣೋ" ಎಂದಳು.

ಚಂದ್ರು ಅರ್ಥವಾಗದೆ ನನ್ನ ಮುಖ ನೋಡಿದ. ವಿವರಿಸಲು ನನ್ನ ಬಾಯಿ ತೆರೆದದ್ದು ನಿಜ. ದೇವರು ಆ ಹೊತ್ತಿನಲ್ಲಿ ಹೇಗೋ ಬುದ್ಧಿ ಕೊಟ್ಟ, ಮುಚ್ಚಿಕೊಂಡೆ.

"ಎರಡು ಕಣ್ಣಲ್ಲೂ ಹಿಂಗೇ ಇತ್ತು ಅವ್ವನಿಗೆ. ಅದಕ್ಕೇ ನೀಲಿ ಹಾಕಿದ್ದು, ಮೊದ್ಲಿನ ಹಾಗೇ ಕಾಣ್ಲಿ ಅಂತ. ಸುಣ್ಣ ಸರಿಯಿಲ್ಲ ಅಂದ್ಕೊಂಡ್ಲು. ನಾವು ಅವ್ವನೇ ಸರಿಯಿಲ್ಲ ಅಂದ್ಕೊಂಡ್ವಿ. ಒಬ್ರಾದ್ರೂ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವೇನೋ?" ಅವಳು ಒಲೆಯ ಕಟ್ಟೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಚಂದ್ರುವಿನ ಕಣ್ಣೂ ಒದ್ದೆಯಾಯಿತು. ನನಗೂ ಒಂದು ನೆನಪಾಯಿತು. ಆ ಅತ್ತೆ ನನಗೆ ಅಳಿಯನೆಂದು ಕೊಟ್ಟ ಕಾಫಿಯಲ್ಲಿ ಒಮ್ಮೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ವಯಸ್ಸಾಯಿತು, ಮರೆವು ಎಂದು ನಾನು ಮನಶ್ಶಾಸ್ತ್ರದ ಪ್ರಕಾರ ತೀರ್ಮಾನ ಕೊಟ್ಟಿದ್ದೆ.

ಚಂದ್ರು ಹೊರಟ ಮೇಲೆ ಸರೋಜ ಮುಖ ತೊಳೆದು ಬಂದು ನನ್ನ ಮುಂದೆ ನಿಂತಳು.

"ಡಾಕ್ಟ್ರಿಗೆ ಫೋನ್ ಮಾಡಿ. ಅವ್ವನಿಗೆ ಯಾರೂ ಮಾಡಿಸ್ಲಿಲ್ಲ. ನಂಗೆ ಮಾಡಿಸೋರಿದ್ದೂ ನಾನು ಬೇಡ ಅಂದ್ರೆ, ಅವ್ವ ಮೇಲಿಂದ ಬೈತಾಳೆ."

"ಗೋಡೆ?"

"ಗೋಡೆ ಹಾಗೇ ಇರತ್ತೆ. ಅದು ಅವ್ವನೇ ಬಳ್ದಿದ್ದು."

ಎಡಗಣ್ಣಿಗೆ ಮೈಸೂರಿಗೆ ಹೊರಡುವ ಬೆಳಿಗ್ಗೆ ನಾನು ಕಾರು ಅಂಗಳಕ್ಕೆ ತಂದು ಹಾರ್ನ್ ಮಾಡಿದೆ. ತಡವಾದರೆ ಕುಶಾಲನಗರ ದಾಟುವುದೇ ಕಷ್ಟ, ಎಲ್ಲಿಗಾದರೂ ಹೊರಡುವಾಗ ನಾನು ಮನೆಯವರ ಪ್ರಾಣ ತಿನ್ನುವವನು. ಮತ್ತೆ ಹಾರ್ನ್ ಮಾಡಿದೆ. ಎಂಜಿನ್ ಚಾಲೂ ಇಟ್ಟೇ ಇಳಿದು ಒಳಗೆ ಹೋದೆ. ಸೀರೆಯುಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಅವಳು ಅಡುಗೆಮನೆಯ ನಡುವೆ ನಿಂತಿದ್ದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ್ದಳು.

"ಹೊತ್ತಾಯ್ತು ಕಣೇ."

"ಒಂದ್ನಿಮಿಷ ರೀ. ಅವ್ವ ನೋಡ್ತಿದ್ದ ಹಾಗೆ ನೋಡ್ತಿದೀನಿ. ನಾಳೆಯಿಂದ ಕಾಣಲ್ಲ."

ನಾನು ಹೊರಗೆ ಹೋಗಿ ಕಾರಿನ ಎಂಜಿನ್ ಆರಿಸಿದೆ.